ಸ್ಕ್ಯಾನಿಂಗ್ ಜೆಲ್, ಬೂತಾಯಿ ಮೀನು ಮತ್ತು ಗಾಳಿಯ ತಕರಾರು

ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ತಿಂಗಳು ಕೇಳಿದ್ದೆ. ಕರಾವಳಿಯ ಓದುಗರು ಸುಮ್ನೆ ಬಿಡುವವರಲ್ಲ, ಚೆನ್ನಾಗಿಯೇ ಕೇಳಿದ್ದೀರಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ. ಮಂಗಳೂರಿನಿಂದ ಬೈಂದೂರಿನವರೆಗೆ ಟೂಲ್ ಬ್ಯಾಗ್ ಹೊತ್ತುಕೊಂಡು ಸ್ಕ್ಯಾನಿಂಗ್ ಮೆಷಿನ್ ರಿಪೇರಿಗೆ ಓಡಾಡುವ ಬಯೋಮೆಡಿಕಲ್ ಎಂಜಿನಿಯರ್. ವಾಸ ಉಡುಪಿಯ ಕುಂಜಿಬೆಟ್ಟಿನಲ್ಲಿ. ರಿಪೋರ್ಟಿನ ಫೋಟೋ ಕಳಿಸಿ 'ಇದು ಡೇಂಜರಾ' ಅಂತ ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ, ಅದನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಬೇಕು. ಈ ಮೆಷಿನ್ ನಮ್ಮ ಕಿವಿಗೆ ಕೇಳದ ಶಬ್ದವನ್ನು ಮೈಯೊಳಗೆ ಕಳಿಸಿ, ಬಡಿದು ವಾಪಸ್ ಬಂದದ್ದರಿಂದ ಚಿತ್ರ ಮಾಡುತ್ತದೆ. ಮೆಷಿನ್ ಒಳಗೆ ಏನಾಗುತ್ತದೆ, ಶಬ್ದ ಮೈಯೊಳಗೆ ಹೋಗಿ ಏನು ಮಾಡುತ್ತದೆ ಅನ್ನುವುದಕ್ಕೆ ಮಾತ್ರ ನಾನು ಜನ.

ಪತ್ರಗಳನ್ನು ಓದುತ್ತಾ ಹೋದರೆ ಅರ್ಧಕ್ಕರ್ಧ ಪ್ರಶ್ನೆಗಳ ಹಿಂದೆ ಒಬ್ಬನೇ ಆಸಾಮಿ ನಿಂತಿದ್ದಾನೆ. ಅವನೇ ಗಾಳಿ. ಅವನಿಂದಲೇ ಶುರು ಮಾಡೋಣ.

ಸ್ಕ್ಯಾನ್ ಮಾಡುವಾಗ ಹೊಟ್ಟೆಗೆ ಹಚ್ಚುವ ತಣ್ಣಗಿನ ಲೋಳೆಯಲ್ಲಿ ಏನಿದೆ? ಅದು ಮದ್ದಾ? ಅದಿಲ್ಲದೆ ಸ್ಕ್ಯಾನ್ ಆಗುವುದಿಲ್ಲವಾ? ಮನೆಯ ತೆಂಗಿನೆಣ್ಣೆ ಹಚ್ಚಿದರೆ ಸಾಲದೆ?
ಗೃಹಿಣಿ, ಕಾರ್ಕಳ

ಮದ್ದಲ್ಲ. ಹೆಚ್ಚಿನ ಪಾಲು ನೀರೇ. ಹರಿದುಹೋಗದಂತೆ ಮಂದ ಮಾಡಲು ಒಂದು ಪಾಲಿಮರ್, ಬೇಗ ಒಣಗದಂತೆ ಗ್ಲಿಸರಿನ್ ಥರದ್ದೇನಾದರೂ, ಕೆಡದಂತೆ ಇನ್ನೊಂದು ಚೂರು. ಮೈಮೇಲೆ ಒತ್ತಿ ಸರಿಸುವ ಹಿಡಿಗೆ ಪ್ರೋಬ್ ಅನ್ನುತ್ತಾರೆ. ಆ ಪ್ರೋಬಿಗೂ ಚರ್ಮಕ್ಕೂ ನಡುವೆ ಇರುವ ಗಾಳಿಯನ್ನು ಹೊರಗೆ ತಳ್ಳಿ ಆ ಜಾಗದಲ್ಲಿ ತಾನು ಕೂತರೆ ಅದರ ಕೆಲಸ ಮುಗಿಯಿತು.

ಅಷ್ಟು ತೆಳು ಗಾಳಿ ಇಷ್ಟೊಂದು ಉಪದ್ರ ಕೊಡುತ್ತದಾ? ಕೊಡುತ್ತದೆ. ಯಾವುದೇ ವಸ್ತುವಿನ ಸಾಂದ್ರತೆಯನ್ನು ಅದರೊಳಗೆ ಶಬ್ದ ಓಡುವ ವೇಗದಿಂದ ಗುಣಿಸಿ. ಒಂದು ಸಂಖ್ಯೆ ಬರುತ್ತದೆ. ಅದಕ್ಕೆ ಅಕೌಸ್ಟಿಕ್ ಇಂಪೀಡೆನ್ಸ್ ಅನ್ನುತ್ತಾರೆ. ಗಾಳಿಗೆ ಅದು ಸುಮಾರು 400. ನಮ್ಮ ಮಾಂಸಕ್ಕೆ ಸುಮಾರು 16 ಲಕ್ಷ. ಈ ಸಂಖ್ಯೆ ಬದಲಾಗುವ ಗಡಿಯಲ್ಲೆಲ್ಲ ಶಬ್ದದ ಒಂದು ಪಾಲು ವಾಪಸ್ ಬರುತ್ತದೆ, ಉಳಿದದ್ದು ಮುಂದೆ ಹೋಗುತ್ತದೆ. ವ್ಯತ್ಯಾಸ ಜಾಸ್ತಿಯಾದಷ್ಟೂ ವಾಪಸ್ ಬರುವುದು ಜಾಸ್ತಿ. ಗಾಳಿ ಮತ್ತು ಮಾಂಸದ ಗಡಿಯಲ್ಲಿ ಶೇಕಡಾ 99.9ರಷ್ಟು ವಾಪಸ್. ಒಳಗೆ ಹೋಗುವುದು ಸಾವಿರದಲ್ಲಿ ಒಂದು ಪಾಲು. ಅದರಲ್ಲಿ ಏನು ನೋಡುತ್ತೀರಿ?

ಮೈಯೊಳಗಿನ ಗಡಿಗಳು ಹಾಗಲ್ಲ. ಕೊಬ್ಬು ಮುಗಿದು ಸ್ನಾಯು ಶುರುವಾಗುವಲ್ಲಿ ವಾಪಸ್ ಬರುವುದು ಶೇಕಡಾ 1ರಷ್ಟು ಮಾತ್ರ. ಕಡಿಮೆಯಾಯಿತು ಅನಿಸಬಹುದು. ಆದರೆ ಇಡೀ ಸ್ಕ್ಯಾನಿಂಗ್ ನಿಂತಿರುವುದೇ ಈ ಕಡಿಮೆಯ ಮೇಲೆ. ಒಂದು ಗಡಿ ಶೇಕಡಾ 1 ಮಾತ್ರ ಇಟ್ಟುಕೊಂಡು 99 ಮುಂದೆ ಬಿಟ್ಟರೆ ತಾನೇ ಅದರ ಹಿಂದಿನ ಗಡಿಯೂ, ಅದರ ಹಿಂದಿನದ್ದೂ ಕಾಣುವುದು!

ನನ್ನ ಕೆಲಸದಲ್ಲಿ ಇದು ಕಣ್ಣೆದುರೇ ಕಾಣುತ್ತದೆ. ಜೆಲ್ ಹಚ್ಚದ ಪ್ರೋಬನ್ನು ಸುಮ್ನೆ ಗಾಳಿಯಲ್ಲಿ ಹಿಡಿದು ಮೆಷಿನ್ ಆನ್ ಮಾಡಿದರೆ ಪರದೆಯ ಮೇಲಂಚಿನಲ್ಲಿ ಒಂದರ ಕೆಳಗೊಂದು ಕೆಲವು ಬಿಳಿ ಗೆರೆಗಳು ಕಾಣುತ್ತವೆ. ಅದರ ಕೆಳಗೆ ಅಮಾವಾಸ್ಯೆ. ಶಬ್ದ ಪ್ರೋಬಿನ ಮುಖದ ರಬ್ಬರ್ ದಾಟಲಾಗದೆ ಒಳಗೇ ಹಿಂದೆ ಮುಂದೆ ಬಡಿದಾಡುವ ಗುರುತು ಅದು. ಆ ಗೆರೆಗಳಲ್ಲಿ ಎಲ್ಲಾದರೂ ಕಪ್ಪು ತೂತು ಕಂಡರೆ ಅಲ್ಲಿನ ಕ್ರಿಸ್ಟಲ್, ಅಂದರೆ ಶಬ್ದ ಹೊರಡಿಸಿ ಕೇಳುವ ಹರಳು, ಸತ್ತಿದೆ ಅಂತ ಅನುಮಾನ. ಆಮೇಲೆ ಪೇಪರ್ ಕ್ಲಿಪ್ ಪರೀಕ್ಷೆ. ಕ್ಲಿಪ್ಪನ್ನು ಬಿಡಿಸಿ ನೆಟ್ಟಗೆ ಮಾಡಿ, ಪ್ರೋಬಿನ ಮುಖಕ್ಕೆ ಅಡ್ಡ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ಸರಿಸುತ್ತೇನೆ. ತಂತಿ ಮುಟ್ಟಿದ ಜಾಗದ ಕೆಳಗೆ ಪರದೆಯಲ್ಲಿ ಒಂದು ಬಿಳಿ ಪಟ್ಟಿ ಇಳಿಯುತ್ತದೆ, ತಂತಿಯ ಜೊತೆಗೇ ಸರಿಯುತ್ತದೆ. ಸತ್ತ ಕ್ರಿಸ್ಟಲ್ ಮೇಲೆ ಬಂದಾಗ ಪಟ್ಟಿ ಮಂಕಾಗುತ್ತದೆ. ಲಕ್ಷದ ಲೆಕ್ಕದಲ್ಲಿ ಬೆಲೆ ಬಾಳುವ ಪ್ರೋಬಿನ ಹಣೆಬರಹ ಒಂದು ಕ್ಲಿಪ್ಪಿನಲ್ಲಿ ಗೊತ್ತಾಗುತ್ತದೆ ಅಂದರೆ ಪಕ್ಕದಲ್ಲಿ ನಿಂತವರು ನನ್ನನ್ನೇ ಮೇಲೆ ಕೆಳಗೆ ನೋಡುತ್ತಾರೆ.

ಇನ್ನು ತೆಂಗಿನೆಣ್ಣೆ. ಚಿತ್ರ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಗಾಳಿ ಹೋದರೆ ಸಾಕು, ನೀರಾದರೂ ಎಣ್ಣೆಯಾದರೂ ಶಬ್ದಕ್ಕೆ ತಕರಾರಿಲ್ಲ. ಮೊದಮೊದಲ ಸ್ಕ್ಯಾನುಗಳಲ್ಲಿ ಎಣ್ಣೆಯನ್ನೇ ಹಚ್ಚುತ್ತಿದ್ದರು. ಆದರೆ ಎಣ್ಣೆ ಪ್ರೋಬಿನ ಮುಖದ ರಬ್ಬರನ್ನೂ ಅದನ್ನು ಹಿಡಿದಿರುವ ಅಂಟನ್ನೂ ಮೆಲ್ಲಗೆ ತಿನ್ನುತ್ತದೆ. ರಬ್ಬರ್ ಉಬ್ಬಿ ಎದ್ದರೆ ಅದರ ಹಿಂದೆ ಮತ್ತೆ ಗಾಳಿ ಸೇರುತ್ತದೆ. ಕಥೆ ಮುಗಿಯಿತು. ಹಾಗಾಗಿ ಎಣ್ಣೆ ತಲೆಗೇ ಇರಲಿ.

ಜೆಲ್ ತಣ್ಣಗೆ ಇರಲೇಬೇಕು ಅಂತೇನಿಲ್ಲ. ಎಸಿ ಕೋಣೆಯಲ್ಲಿ ಬಾಟಲಿ ಇಟ್ಟಿರುತ್ತಾರೆ, ಅಷ್ಟೇ. ಬಾಟಲಿ ಬೆಚ್ಚಗೆ ಇಡುವ ಪುಟ್ಟ ವಾರ್ಮರ್ ಸಿಗುತ್ತದೆ. ಇಟ್ಟುಕೊಳ್ಳಿ ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ, ಕೇಳುವವರು ಕಡಿಮೆ.

ಒಮ್ಮೆ ಸ್ಕ್ಯಾನಿಂಗಿಗೆ ಹೋದಾಗ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ಕೂರಿಸಿದರು. ಇನ್ನೊಮ್ಮೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರು. ಯಾವುದು ಸರಿ?
ಓದುಗರು, ಕಾಪು

ಎರಡೂ ಸರಿ. ನೋಡಬೇಕಾದ ಜಾಗ ಬೇರೆ ಬೇರೆ.

ಗರ್ಭಕೋಶ, ಅಂಡಾಶಯ ಇರುವುದು ಮೂತ್ರಕೋಶದ ಹಿಂದೆ. ಅವುಗಳ ಮುಂದೆ ಕರುಳು ಬಂದು ಬಿದ್ದಿರುತ್ತದೆ, ಕರುಳೊಳಗೆ ಗ್ಯಾಸ್. ಶಬ್ದ ಗ್ಯಾಸಿಗೆ ಬಡಿದು ಅಲ್ಲಿಂದಲೇ ವಾಪಸ್. ಮೂತ್ರಕೋಶ ತುಂಬಿ ಉಬ್ಬಿದರೆ ಕರುಳನ್ನು ಮೇಲಕ್ಕೆ ತಳ್ಳುತ್ತದೆ, ಶಬ್ದಕ್ಕೆ ಒಂದು ಕಿಟಕಿ ತೆರೆದ ಹಾಗೆ. ನೀರು ಶಬ್ದವನ್ನು ಹೆಚ್ಚು ನುಂಗುವುದೂ ಇಲ್ಲ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಆಳಕ್ಕೆ ಹೋದಷ್ಟೂ ಎಕೋ, ಅಂದರೆ ಬಡಿದು ವಾಪಸ್ ಬರುವ ಶಬ್ದ, ಕ್ಷೀಣ. ಅದಕ್ಕೇ ಮೆಷಿನ್, ತಡವಾಗಿ ಬಂದ ಎಕೋವನ್ನು ಜಾಸ್ತಿ ಹಿಗ್ಗಿಸಿ ತೋರಿಸುತ್ತದೆ. ಮೆಷಿನ್ ಮೇಲೆ ಮೇಲಿಂದ ಕೆಳಗೆ ಸಾಲಾಗಿ ಸರಿಸುವ ಗುಂಡಿಗಳನ್ನು ನೋಡಿರಬಹುದು, ಅವು ಇದಕ್ಕೇ. ದಾರಿಯಲ್ಲಿ ಎಲ್ಲ ಕಡೆ ಮಾಂಸವೇ ಇದೆ ಅಂತ ಮೆಷಿನ್ನಿನ ಲೆಕ್ಕ. ನಡುವೆ ನೀರು ಸಿಕ್ಕರೆ ಲೆಕ್ಕ ತಪ್ಪುತ್ತದೆ. ನೀರು ಏನನ್ನೂ ನುಂಗಲಿಲ್ಲ, ಆದರೂ ಮೆಷಿನ್ ಹಿಗ್ಗಿಸಿಬಿಡುತ್ತದೆ. ಹಾಗಾಗಿ ನೀರಿನ ಚೀಲದ ಹಿಂದಿನ ಭಾಗ ಬೇಡದಷ್ಟು ಬೆಳ್ಳಗೆ ಕಾಣುತ್ತದೆ. ಡಾಕ್ಟರಿಗೆ ಈ ತಪ್ಪು ಲೆಕ್ಕವೇ ಸುಳಿವು. ಕಪ್ಪು ಗುಂಡನೆಯ ಆಕಾರ, ಹಿಂದೆ ಬಿಳುಪು ಅಂದರೆ ಒಳಗಿರುವುದು ದ್ರವ, ಗಟ್ಟಿ ಗಡ್ಡೆಯಲ್ಲ ಅಂತ ಅಂದಾಜು ಸಿಗುತ್ತದೆ.

ಖಾಲಿ ಹೊಟ್ಟೆ ಬೇಕಾಗುವುದು ಪಿತ್ತಕೋಶಕ್ಕೆ. ಉಪವಾಸ ಇದ್ದಾಗ ಅದು ಪಿತ್ತ ತುಂಬಿಕೊಂಡು ಚೆನ್ನಾಗಿ ಉಬ್ಬಿರುತ್ತದೆ. ತಿಂದ ಕೂಡಲೇ, ಅದರಲ್ಲೂ ಎಣ್ಣೆ ತುಪ್ಪ ಬಿದ್ದ ಕೂಡಲೇ, ಹಿಂಡಿಕೊಂಡು ಚಿಕ್ಕದಾಗುತ್ತದೆ. ಬೆಳಿಗ್ಗೆ ಗೋಳಿಬಜೆ ತಿಂದು ಬಂದವರ ಪಿತ್ತಕೋಶ ನೋಡುವುದೆಂದರೆ ಹಿಂಡಿಟ್ಟ ಬಟ್ಟೆಯಲ್ಲಿ ಚಿತ್ತಾರ ಹುಡುಕಿದಂತೆ. ಇನ್ನೊಂದು ಮಾತು: ನೀರು ಕುಡಿಯಿರಿ ಅಂದರೆ ನೀರೇ ಕುಡಿಯಿರಿ ಮಾರಾಯ್ರೆ. ಬಾಯಾರಿಕೆ ಅಂತ ಸೋಡಾ ಶರಬತ್ತು ಕುಡಿದು ಬಂದರೆ ಓಡಿಸಬೇಕಾದ ಗ್ಯಾಸನ್ನು ದುಡ್ಡು ಕೊಟ್ಟು ಒಳಗೆ ಕಳಿಸಿದ ಹಾಗೆ.

ನಮ್ಮ ಪರ್ಸೀನ್ ಬೋಟಿನಲ್ಲಿ ನೀರೊಳಗಿನ ಮೀನು ತೋರಿಸುವ ಫಿಶ್ ಫೈಂಡರ್ ಇದೆ. ಮಗಳ ಸ್ಕ್ಯಾನಿಂಗಿಗೆ ಹೋದಾಗ ಪರದೆ ನೋಡಿ 'ಇದು ನಮ್ಮ ಬೋಟಿನದ್ದೇ ಅಲ್ವಾ' ಅನಿಸಿತು. ಎರಡೂ ಒಂದೇನಾ?
ಬೋಟ್ ಮಾಲೀಕರು, ಮಲ್ಪೆ

ಈ ತಿಂಗಳ ನನ್ನ ಇಷ್ಟದ ಪ್ರಶ್ನೆ ಇದು. ಎರಡೂ ಒಂದೇ ಮನೆತನ. ಸಮುದ್ರದ್ದು ಹಿರಿಯಣ್ಣ, ಆಸ್ಪತ್ರೆಯದ್ದು ತಮ್ಮ.

1912ರ ಏಪ್ರಿಲಿನಲ್ಲಿ ಟೈಟಾನಿಕ್ ಹಡಗು ಹಿಮಗಡ್ಡೆಗೆ ಬಡಿದು ಮುಳುಗಿತಲ್ಲ, ಅದೇ ವರ್ಷ ಇಂಗ್ಲೆಂಡಿನ ಲೂಯಿಸ್ ರಿಚರ್ಡ್‌ಸನ್ ಎಕೋ ಕೇಳಿ ಅಡಚಣೆ ಪತ್ತೆ ಮಾಡುವ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಮೊದಲ ಮಹಾಯುದ್ಧದಲ್ಲಿ ಸಬ್‌ಮರೀನ್ ಕಾಟ ಶುರುವಾದಾಗ ಫ್ರಾನ್ಸಿನ ಪಾಲ್ ಲಾಂಜೆವಿನ್ ಸ್ಫಟಿಕ ಶಿಲೆಯ ಹಾಳೆಗಳಿಂದ ನೀರೊಳಗೆ ಅಲ್ಟ್ರಾಸೌಂಡ್ ಹೊರಡಿಸಿದರು. ಒತ್ತಿದರೆ ವಿದ್ಯುತ್ ಹುಟ್ಟುವ ಈ ಹರಳಿನ ಗುಣವನ್ನು 1880ರಲ್ಲಿ ಕ್ಯೂರಿ ಸೋದರರು ಕಂಡುಹಿಡಿದಿದ್ದರು. ಉಲ್ಟಾ ಕೂಡ ನಿಜ: ವಿದ್ಯುತ್ ಕೊಟ್ಟರೆ ಹರಳು ನಡುಗುತ್ತದೆ. ಹಾಗಾಗಿ ಒಂದೇ ಹರಳು ಕೂಗುತ್ತದೆ, ಆಮೇಲೆ ಅದೇ ಕಿವಿಗೊಟ್ಟು ಕೇಳುತ್ತದೆ. ನಿಮ್ಮ ಬೋಟಿನ ತಳದಲ್ಲೂ, ಆಸ್ಪತ್ರೆಯ ಪ್ರೋಬಿನಲ್ಲೂ ಇದೇ ಕೆಲಸ. ಈಗ ಸ್ಫಟಿಕದ ಬದಲು ಕೃತಕ ಸೆರಾಮಿಕ್ ಬಳಸುತ್ತಾರೆ.

ಆಸ್ಪತ್ರೆಗೆ ಬಂದದ್ದು ತಡವಾಗಿ. ಗ್ಲಾಸ್ಗೋದ ಹೆರಿಗೆ ಡಾಕ್ಟರ್ ಇಯಾನ್ ಡೊನಾಲ್ಡ್ 1955ರಲ್ಲಿ ಆಪರೇಷನ್ ಮಾಡಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಬಾಯ್ಲರ್ ಕಾರ್ಖಾನೆಗೆ ಹೋದರು! ಅಲ್ಲಿ ಲೋಹದ ಬೆಸುಗೆಯಲ್ಲಿ ಬಿರುಕು ಹುಡುಕುವ ಅಲ್ಟ್ರಾಸೌಂಡ್ ಯಂತ್ರ ಇತ್ತು. ಹೋಲಿಸಿ ನೋಡಲು ಕಾರ್ಖಾನೆಯವರು ದೊಡ್ಡದೊಂದು ತುಂಡು ದನದ ಮಾಂಸ ಕೊಟ್ಟರು. ನೀರು ತುಂಬಿದ ಗಡ್ಡೆಗೂ ಗಟ್ಟಿ ಗಡ್ಡೆಗೂ ಎಕೋ ಬೇರೆ ಬೇರೆ ಬಂತು. ಆಮೇಲೆ ಟಾಮ್ ಬ್ರೌನ್ ಅನ್ನುವ ಎಂಜಿನಿಯರ್ ಜೊತೆ ಸೇರಿ ಯಂತ್ರ ಕಟ್ಟಿದರು, 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಬಂಧ ಬಂತು. ಎಲ್ಲರೂ ಡಾಕ್ಟರ ಹೆಸರು ಹೇಳುತ್ತಾರೆ. ನಾನು ಎಂಜಿನಿಯರ್ ಆದ್ದರಿಂದ ಟಾಮ್ ಬ್ರೌನ್ ಹೆಸರನ್ನು ಬೇಕೆಂದೇ ಹೇಳುತ್ತೇನೆ.

ಇನ್ನೊಂದು ಮಜಾ ನೋಡಿ. ನಮ್ಮ ಬೆಚ್ಚಗಿನ ಅರಬ್ಬೀ ಸಮುದ್ರದ ಉಪ್ಪುನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಸ್ಕ್ಯಾನಿಂಗ್ ಮೆಷಿನ್ ಮೈಯ ಮಾಂಸಕ್ಕೆ ಹಿಡಿಯುವ ವೇಗವೂ 1540 ಮೀಟರ್! 20 ಮಾರು ಆಳದ ತಳಕ್ಕೆ ಹೋಗಿ ಬರಲು ನಿಮ್ಮ ಫೈಂಡರಿನ ಶಬ್ದಕ್ಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಹೊಟ್ಟೆಯೊಳಗೆ 1 ಸೆಂಟಿಮೀಟರ್ ಹೋಗಿ ಬರಲು ಸೆಕೆಂಡಿನ 10 ಲಕ್ಷದಲ್ಲಿ 13 ಭಾಗ. ಹೊತ್ತು ಅಳೆದು ದೂರ ಹೇಳುವುದು ಎರಡರಲ್ಲೂ ಅದೇ.

ವ್ಯತ್ಯಾಸ ಎರಡು. ಒಂದು, ಫ್ರೀಕ್ವೆನ್ಸಿ, ಅಂದರೆ ಶಬ್ದ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವುದು. ಫೈಂಡರಿನದ್ದು ಸಾಮಾನ್ಯವಾಗಿ 50 ಅಥವಾ 200 ಕಿಲೋಹರ್ಟ್ಸ್ (ಸೆಕೆಂಡಿಗೆ 50 ಸಾವಿರ ಅಥವಾ 2 ಲಕ್ಷ ಸಲ), ಆಸ್ಪತ್ರೆಯದ್ದು ಮೆಗಾಹರ್ಟ್ಸ್ (ಹತ್ತು ಲಕ್ಷ ಸಲ) ಲೆಕ್ಕ. ಎರಡನೆಯದು ಬಹಳ ಜನರಿಗೆ ಗೊತ್ತಿಲ್ಲ. ಸಾದಾ ಫೈಂಡರ್ ಬೋಟಿನ ಅಡಿಗೆ ಒಂದೇ ಕಡೆ ನೋಡುತ್ತದೆ. ಪರದೆಯಲ್ಲಿ ಎಡಕ್ಕೆ ಸರಿಯುವುದು ಆಗಲೇ ದಾಟಿಹೋದ ಹೊತ್ತು. ಅಂದರೆ ಅಡ್ಡಕ್ಕೆ ಕಾಣುವುದು ಜಾಗ ಅಲ್ಲ, ಸಮಯ. ಬೋಟು ನಿಂತಲ್ಲೇ ನಿಂತರೂ ಗೆರೆ ಓಡುತ್ತಲೇ ಇರುತ್ತದಲ್ಲ, ಅದಕ್ಕೇ. ಆಸ್ಪತ್ರೆಯ ಪ್ರೋಬಿನಲ್ಲಿ ನೂರಕ್ಕೂ ಹೆಚ್ಚು ಸಣ್ಣ ಹರಳುಗಳ ಸಾಲು ಇದೆ. ಅಲ್ಲಿ ಅಡ್ಡಕ್ಕೆ ಕಾಣುವುದು ನಿಜವಾಗಿಯೂ ಅಡ್ಡ.

ಮತ್ತೆ ನಮ್ಮ ಗಾಳಿ. ಬೂತಾಯಿಯ ಹೊಟ್ಟೆಯಲ್ಲಿ ಗಾಳಿಚೀಲ ಇದೆ. ಮೀನಿನ ಮಾಂಸಕ್ಕೂ ಕಡಲ ನೀರಿಗೂ ಶಬ್ದದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ನಿಮ್ಮ ಪರದೆಯಲ್ಲಿ ಕೆಂಪಗೆ ಮಿಂಚುವ ಎಕೋದ ದೊಡ್ಡ ಪಾಲು ಆ ಗಾಳಿಚೀಲದ್ದು. ತೊರಕೆಗೂ (ರೇ ಮೀನು) ಬೊಂಡಾಸಿಗೂ (ಸ್ಕ್ವಿಡ್) ಗಾಳಿಚೀಲವಿಲ್ಲ, ಅವು ಮಂಕು. ಅಂದರೆ ಆಸ್ಪತ್ರೆಯಲ್ಲಿ ನನಗೆ ಶತ್ರುವಾದ ಗಾಳಿ ಮಲ್ಪೆಯಲ್ಲಿ ನಿಮಗೆ ಅನ್ನ ಕೊಡುತ್ತದೆ. ಪೂರ್ತಿ ಮಿತ್ರ ಅಂತಲೂ ನಂಬಬೇಡಿ. ಪ್ರೊಪೆಲ್ಲರಿನ ನೊರೆ ಫೈಂಡರಿನ ಹರಳು ಇರುವ ಟ್ರಾನ್ಸ್‌ಡ್ಯೂಸರ್ ಅಡಿಗೆ ಬಂದರೆ ಪರದೆ ಗಲೀಜು. ಫೈಬರ್ ಬೋಟಿನಲ್ಲಿ ಒಳಗಿನಿಂದ ತಳಕ್ಕೆ ಅಂಟಿಸುವ ಟ್ರಾನ್ಸ್‌ಡ್ಯೂಸರ್ ಇದ್ದರೆ, ಅಂಟಿನ ನಡುವೆ ಗುಳ್ಳೆ ಉಳಿದಿದೆಯಾ ಅಂತ ಜೂನ್-ಜುಲೈಯ ರಜೆಯಲ್ಲಿ ಬೋಟು ದಡಕ್ಕೆ ಬಂದಾಗ ನೋಡಿಸಿ.

ಫ್ರೀಕ್ವೆನ್ಸಿ ಜಾಸ್ತಿಯಾದರೆ ಚಿತ್ರ ಸ್ಪಷ್ಟ ಅಂತ ಓದಿದೆ. ಹಾಗಾದರೆ ಎಲ್ಲದಕ್ಕೂ ದೊಡ್ಡ ಫ್ರೀಕ್ವೆನ್ಸಿಯನ್ನೇ ಯಾಕೆ ಬಳಸುವುದಿಲ್ಲ?
ಪಿಯುಸಿ ವಿದ್ಯಾರ್ಥಿನಿ, ಕುಂದಾಪುರ

ಓದಿದ್ದು ಸರಿ. ವೇಗವನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ತರಂಗದ ಉದ್ದ. 1540 ಮೀಟರನ್ನು 35 ಲಕ್ಷದಿಂದ, ಅಂದರೆ 3.5 ಮೆಗಾಹರ್ಟ್ಸಿನಿಂದ, ಭಾಗಿಸಿ ನೋಡು: 0.44 ಮಿಲಿಮೀಟರ್. 10 ಮೆಗಾಹರ್ಟ್ಸ್ ಆದರೆ 0.15 ಮಿಲಿಮೀಟರ್. ತರಂಗ ಸಣ್ಣದಾದಷ್ಟೂ ಹತ್ತಿರ ಹತ್ತಿರದ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ತೋರಿಸಬಲ್ಲದು.

ಆದರೆ ಫ್ರೀಕ್ವೆನ್ಸಿ ಜಾಸ್ತಿಯಾದ ಶಬ್ದವನ್ನು ಮಾಂಸ ಬೇಗ ನುಂಗುತ್ತದೆ. ಒಂದು ಮೆಗಾಹರ್ಟ್ಸಿಗೆ, ಒಂದು ಸೆಂಟಿಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ಅನ್ನುವುದು ನಾವು ಹಿಡಿಯುವ ಲೆಕ್ಕ. ಡೆಸಿಬೆಲ್ ಅಂದರೆ ಇಲ್ಲಿ ಶಬ್ದ ಎಷ್ಟು ಕುಗ್ಗಿತು ಅನ್ನುವ ಅಳತೆ, 3 ಡೆಸಿಬೆಲ್ ಕುಗ್ಗಿದರೆ ಅರ್ಧ ಉಳಿಯಿತು ಅಂತ. 3.5 ಮೆಗಾಹರ್ಟ್ಸ್ ಶಬ್ದ ಪ್ರತಿ 1.7 ಸೆಂಟಿಮೀಟರಿಗೆ ಅರ್ಧವಾಗುತ್ತದೆ. 10 ಮೆಗಾಹರ್ಟ್ಸ್ 0.6 ಸೆಂಟಿಮೀಟರಿಗೇ ಅರ್ಧ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ಬರುವುದೆಂದರೆ 30 ಸೆಂಟಿಮೀಟರ್ ದಾರಿ. 3.5ರಲ್ಲಿ ಕಳೆದುಕೊಳ್ಳುವುದು 52 ಡೆಸಿಬೆಲ್, ಅಂದರೆ ಒಂದೂವರೆ ಲಕ್ಷದಲ್ಲಿ ಒಂದು ಪಾಲು ಉಳಿಯಿತು ಅನ್ನೋಣ. ಮೆಷಿನ್ ಅಷ್ಟನ್ನೂ ಕೇಳಿಸಿಕೊಳ್ಳುತ್ತದೆ, ಶಹಬ್ಬಾಸ್ ಅನ್ನಬೇಕು. 10ರಲ್ಲಿ 150 ಡೆಸಿಬೆಲ್. ಒಂದರ ಮುಂದೆ 15 ಸೊನ್ನೆ ಹಾಕಿ ಅದರಲ್ಲಿ ಒಂದು ಪಾಲು. ಅದನ್ನು ಯಾವ ಮೆಷಿನ್ನೂ ಕೇಳಲಾರದು.

ಅದಕ್ಕೇ ಲಿವರ್, ಕಿಡ್ನಿ, ಗರ್ಭದ ಮಗುವಿಗೆ 2ರಿಂದ 5 ಮೆಗಾಹರ್ಟ್ಸಿನ ಬಾಗಿದ ಪ್ರೋಬ್. ಚರ್ಮದ ಕೆಳಗೇ ಇರುವ ಥೈರಾಯ್ಡ್, ಕತ್ತಿನ ರಕ್ತನಾಳಕ್ಕೆ 7ರಿಂದ 12ರ ನೇರ ಪ್ರೋಬ್. ಫ್ರೀಕ್ವೆನ್ಸಿ ಜಾಸ್ತಿಯಾದಷ್ಟೂ ಹರಳು ತೆಳು. 3.5ಕ್ಕೆ ಅರ್ಧ ಮಿಲಿಮೀಟರಿನ ಆಸುಪಾಸು, 10ಕ್ಕೆ 0.2. ಇಷ್ಟು ತೆಳುವಾದದ್ದು ಕೈಜಾರಿ ನೆಲಕ್ಕೆ ಬಿದ್ದರೆ ಏನಾಗುತ್ತದೆ ಅಂತ ಕೇಳಬೇಡ. ನನಗೆ ಫೋನ್ ಬರುತ್ತದೆ.

ಒಂದು ಸಣ್ಣ ಗಣಿತ ಮನೆಯಲ್ಲಿ ಮಾಡು. 15 ಸೆಂಟಿಮೀಟರ್ ಹೋಗಿ ಬರಲು ಸುಮಾರು 200 ಮೈಕ್ರೊಸೆಕೆಂಡ್. ಒಂದು ಚಿತ್ರಕ್ಕೆ 128 ಗೆರೆ ಬೇಕು, ಒಂದು ಗೆರೆ ಮುಗಿಯದೆ ಇನ್ನೊಂದನ್ನು ಶುರು ಮಾಡುವಂತಿಲ್ಲ ಅಂತಿಟ್ಟುಕೋ. ಸೆಕೆಂಡಿಗೆ ಎಷ್ಟು ಚಿತ್ರ? ಉತ್ತರ 39. ಮಗು ಕೈ ಆಡಿಸುವುದು ಸಿನಿಮಾದ ಹಾಗೆ ಕಾಣುವುದು ಇದರಿಂದ. ಆಳ ಹೆಚ್ಚಿಸಿದರೆ ಚಿತ್ರದ ಸಂಖ್ಯೆ ಇಳಿಯುತ್ತದೆ. ಕಂಪನಿ ಯಾವುದೇ ಇರಲಿ, ಶಬ್ದದ ವೇಗವನ್ನು ಯಾರೂ ಹೆಚ್ಚಿಸಲು ಆಗುವುದಿಲ್ಲ.

ಸೊಸೆಯ ಸ್ಕ್ಯಾನಿಂಗಿನಲ್ಲಿ ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗಿತ್ತು. ಅದು ನಿಜವಾದ ಶಬ್ದವಾ? ಪರದೆಯಲ್ಲಿ ಕೆಂಪು, ನೀಲಿ ಬಣ್ಣವೂ ಕಂಡಿತು.
ಓದುಗರು, ಬ್ರಹ್ಮಾವರ

ಎದೆಗೆ ಕಿವಿಯಿಟ್ಟರೆ ಕೇಳುವ ಲಬ್-ಡಬ್ ಅದಲ್ಲ. ಮೆಷಿನ್ ಹುಟ್ಟಿಸಿದ ಶಬ್ದ. ಹಾಗಂತ ಸುಳ್ಳೂ ಅಲ್ಲ.

ಇಂದ್ರಾಳಿ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನ ಹಾರ್ನ್ ನೆನಪು ಮಾಡಿಕೊಳ್ಳಿ. ಹತ್ತಿರ ಬರುವಾಗ ಸ್ವರ ಏರು, ದಾಟಿದ ಕೂಡಲೇ ಇಳಿದುಬಿಡುತ್ತದೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಇದನ್ನು ಲೆಕ್ಕದಲ್ಲಿ ಹೇಳಿದರು, ಅದೂ ನಕ್ಷತ್ರಗಳ ಬೆಳಕಿನ ವಿಷಯ ಮಾತಾಡುತ್ತಾ. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ರೈಲಿನಲ್ಲಿ ತುತ್ತೂರಿ ಊದುವವರನ್ನು ಕೂರಿಸಿ ಪರೀಕ್ಷೆಯನ್ನೇ ಮಾಡಿಬಿಟ್ಟರು.

ಓಡುವ ರಕ್ತಕ್ಕೆ ಬಡಿದು ಬರುವ ಎಕೋದ ಸ್ವರವೂ ಹೀಗೇ ಸ್ವಲ್ಪ ಬದಲಾಗುತ್ತದೆ. ಪ್ರೋಬಿನದ್ದು 2 ಮೆಗಾಹರ್ಟ್ಸ್, ರಕ್ತ ಸೆಕೆಂಡಿಗೆ 50 ಸೆಂಟಿಮೀಟರ್ ವೇಗದಲ್ಲಿ ನೇರ ಪ್ರೋಬಿನ ಕಡೆಗೆ ಬರುತ್ತಿದೆ ಅಂತಿಟ್ಟುಕೊಳ್ಳಿ. ಹೋದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಸುಮಾರು 1300 ಹರ್ಟ್ಸ್. 20 ಲಕ್ಷ ಹರ್ಟ್ಸ್ ನಮ್ಮ ಕಿವಿಗೆ ಬೀಳುವುದಿಲ್ಲ, 20,000 ದಾಟಿದರೆ ನಾವು ಕಿವುಡರು. ಆದರೆ 1300 ಆರಾಮವಾಗಿ ಕೇಳುತ್ತದೆ. ಮೆಷಿನ್ ಆ ವ್ಯತ್ಯಾಸವನ್ನಷ್ಟೇ ಸ್ಪೀಕರಿಗೆ ಕೊಡುತ್ತದೆ. ನೀವು ಕೇಳಿದ್ದು ಮಗುವಿನ ಹೃದಯದ, ರಕ್ತದ ವೇಗವನ್ನು. ಮಗುವಿನ ಬಡಿತ ನಿಮಿಷಕ್ಕೆ 110ರಿಂದ 160. ಕುದುರೆಯ ಹಾಗೆ ಕೇಳಿದ್ದು ಅದಕ್ಕೇ.

ಕೆಂಪು ಅಂದರೆ ಒಳ್ಳೆ ರಕ್ತ, ನೀಲಿ ಅಂದರೆ ಕೆಟ್ಟ ರಕ್ತ ಅಂತ ತಿಳಿಯಬೇಡಿ. ಸಾಮಾನ್ಯವಾಗಿ ಪ್ರೋಬಿನ ಕಡೆಗೆ ಬರುವುದಕ್ಕೆ ಕೆಂಪು, ದೂರ ಹೋಗುವುದಕ್ಕೆ ನೀಲಿ ಹಾಕಿರುತ್ತಾರೆ. ಒಂದು ಗುಂಡಿ ಒತ್ತಿದರೆ ಬಣ್ಣ ಅದಲುಬದಲು. ರಕ್ತನಾಳಕ್ಕೆ ಸರಿಯಾಗಿ ಲಂಬವಾಗಿ ಪ್ರೋಬ್ ಹಿಡಿದರೆ ರಕ್ತ ಭರದಿಂದ ಓಡುತ್ತಿದ್ದರೂ ಬಣ್ಣ ಸರಿಯಾಗಿ ಬರುವುದಿಲ್ಲ. ಹತ್ತಿರಕ್ಕೂ ಬರುತ್ತಿಲ್ಲ, ದೂರಕ್ಕೂ ಹೋಗುತ್ತಿಲ್ಲ ಅಲ್ವಾ!

ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ರೇಡಿಯೇಷನ್ ತಾಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಫಿಸಿಯೋಥೆರಪಿಯಲ್ಲಿ ಬೆನ್ನಿಗೆ ಇಡುವುದೂ ಇದೇ ಅಲ್ಟ್ರಾಸೌಂಡಾ?
ಓದುಗರು, ಸುರತ್ಕಲ್

ಎಕ್ಸ್‌ರೇ, ಸಿಟಿ ಸ್ಕ್ಯಾನಿನಲ್ಲಿ ಇರುವ ರೇಡಿಯೇಷನ್ ಇಲ್ಲಿ ಇಲ್ಲವೇ ಇಲ್ಲ. ಇದು ಶಬ್ದ. ಆದರೆ ಶಬ್ದವೂ ಶಕ್ತಿಯೇ. ಮಾಂಸ ನುಂಗಿದ ಶಬ್ದ ಬಿಸಿಯಾಗಿ ಬದಲಾಗುತ್ತದೆ. ಪರದೆಯ ಮೂಲೆಯಲ್ಲಿ ಟಿಐ, ಎಂಐ ಅಂತ ಎರಡು ಸಣ್ಣ ಅಂಕಿ ಇರುತ್ತವೆ. ಮೊದಲನೆಯದು ಎಷ್ಟು ಬಿಸಿಯಾಗಬಹುದು ಅನ್ನುವ ಅಂದಾಜು, ಎರಡನೆಯದು ಒತ್ತಡದಿಂದ ಗುಳ್ಳೆ ಏಳುವ ಸಾಧ್ಯತೆಯದ್ದು. ಚಿತ್ರ ತೆಗೆಯುವಾಗ ಪ್ರೋಬ್ ಒಂದು ಮೈಕ್ರೊಸೆಕೆಂಡಿನಷ್ಟು ಕೂಗಿ, ಉಳಿದ ಹೊತ್ತೆಲ್ಲ ಕೇಳುತ್ತಾ ಕೂತಿರುತ್ತದೆ. ಹಾಗಾಗಿ ಸರಾಸರಿ ಶಕ್ತಿ ಬಹಳ ಕಡಿಮೆ. ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಜಾಸ್ತಿ. ಅದಕ್ಕೇ ಗರ್ಭದ ಮೊದಲ ತಿಂಗಳುಗಳಲ್ಲಿ ಡಾಪ್ಲರನ್ನು ಸುಮ್ನೆ ಬಳಸಬೇಡಿ ಅಂತ ವೈದ್ಯರ ಸಂಘಟನೆಗಳೇ ಹೇಳುತ್ತವೆ. ಡಾಕ್ಟರ್ ಬರೆದುಕೊಟ್ಟ ಸ್ಕ್ಯಾನಿಗೆ ಹೆದರಬೇಕಾಗಿಲ್ಲ. ಮಗುವಿನ ಮುಖ ನೋಡುವ ಆಸೆಗೆ ಮಾತ್ರ ಮಾಡಿಸಬೇಡಿ.

ಫಿಸಿಯೋಥೆರಪಿಯದ್ದೂ ಅಲ್ಟ್ರಾಸೌಂಡೇ, ಸಾಮಾನ್ಯವಾಗಿ 1 ಅಥವಾ 3 ಮೆಗಾಹರ್ಟ್ಸ್. ಅಲ್ಲಿ ಬಿಸಿ ಮಾಡುವುದೇ ಉದ್ದೇಶ. ಒಂದೇ ಕಡೆ ಹಿಡಿಯದೆ ತಿರುಗಿಸುತ್ತಾ ಇರುವುದು ಅದಕ್ಕೇ.

ಪಿತ್ತಕೋಶದ ಕಲ್ಲಿನ ಕೆಳಗೆ ಕಪ್ಪು ನೆರಳು ಕಾಣುತ್ತಿತ್ತು. ಅದೂ ಕಾಯಿಲೆಯಾ?
ಓದುಗರು, ಮೂಡುಬಿದಿರೆ

ಅಲ್ಲ. ಕಲ್ಲು ಶಬ್ದವನ್ನು ಮುಂದೆ ಬಿಡಲಿಲ್ಲ, ಅದರ ಹಿಂದೆ ಕತ್ತಲೆ. ಮೂಳೆಯ ಹಿಂದೆಯೂ ಹೀಗೇ. ದೊಡ್ಡವರ ಮೆದುಳನ್ನು ತಲೆಬುರುಡೆಯ ಮೂಲಕ ಚೆನ್ನಾಗಿ ನೋಡಲು ಆಗುವುದಿಲ್ಲ, ಎಳೆ ಮಕ್ಕಳಿಗೆ ನೆತ್ತಿಯ ಮೆತ್ತಗಿನ ಜಾಗದಿಂದ ನೋಡುತ್ತಾರೆ.

ಗಂಡಾ ಹೆಣ್ಣಾ ಅಂತ ಮೆಷಿನ್ನಿಗೆ ಗೊತ್ತಾಗುತ್ತದಲ್ಲ, ಹೇಳಿದರೆ ಏನು ಗಂಟು ಹೋಗುತ್ತದೆ?
ಹೆಸರು ಬೇಡ ಅಂದವರು, ಮಂಗಳೂರು

ಮೂರು ವರ್ಷದವರೆಗೆ ಜೈಲಾಗುತ್ತದೆ. ಹೇಳಿದವರಿಗೂ, ಹೇಳಿ ಅಂತ ಒತ್ತಾಯಿಸಿದ ಮನೆಯವರಿಗೂ. 1994ರ ಕಾಯ್ದೆ ಇದೆ, ಪ್ರತಿ ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲಿ ಬೋರ್ಡ್ ಇದೆ. ನೋಂದಣಿ ಇಲ್ಲದ ಜಾಗಕ್ಕೆ ಮೆಷಿನ್ ಮಾರುವಂತೆಯೂ ಇಲ್ಲ. ಮುಂದಿನ ಪ್ರಶ್ನೆ.

ನಮ್ಮ ಹಸು ಗಬ್ಬವಾಗಿದೆಯಾ ಅಂತ ನೋಡಲು ಪಶುವೈದ್ಯರು ಪ್ರೋಬನ್ನು ಹಿಂಭಾಗದಿಂದ ಒಳಗೆ ಹಾಕಿದರು. ಮನುಷ್ಯರ ಹಾಗೆ ಹೊಟ್ಟೆಯ ಮೇಲೆ ಇಟ್ಟರೆ ಆಗುವುದಿಲ್ಲವಾ?
ಕೃಷಿಕರು, ಹೆಬ್ರಿ

ಮೊದಲ ತಿಂಗಳುಗಳಲ್ಲಿ ಆಗುವುದಿಲ್ಲ. ಹಸುವಿನ ಎಡಹೊಟ್ಟೆ ತುಂಬ ದೊಡ್ಡ ಮೇವಿನ ಚೀಲ, ಅದರ ತುಂಬ ಹುಲ್ಲು ಕೊಳೆತು ಎದ್ದ ಗ್ಯಾಸ್. ಮೈಮೇಲಿನ ಕೂದಲಿನಲ್ಲೂ ಗಾಳಿ ಸಿಕ್ಕಿಹಾಕಿಕೊಂಡಿರುತ್ತದೆ, ಜೆಲ್ ಎಷ್ಟು ಸುರಿದರೂ ಪೂರ್ತಿ ಹೋಗುವುದಿಲ್ಲ. ಗರ್ಭಕೋಶವೂ ದೂರ. ಗುದದ್ವಾರದ ಮೂಲಕ ಹೋದರೆ ಅದು ಕೆಲವೇ ಸೆಂಟಿಮೀಟರ್ ಕೆಳಗೆ ಸಿಗುತ್ತದೆ. ಹತ್ತಿರ ಸಿಕ್ಕಿತು ಅಂದರೆ 5ರಿಂದ 7.5 ಮೆಗಾಹರ್ಟ್ಸಿನ ಪ್ರೋಬ್ ಬಳಸಬಹುದು, ಚಿತ್ರ ಚೆನ್ನಾಗಿ ಬರುತ್ತದೆ. ನುರಿತ ಕೈಯಾದರೆ ಗರ್ಭ ಕಟ್ಟಿದ 28-30 ದಿನಕ್ಕೇ ಹೇಳುತ್ತಾರೆ. ಆ ಪ್ರೋಬಿನ ಕೇಬಲ್ಲಿಗೆ ಒಂದು ಒದೆ ಬಿದ್ದರೆ ಮಾತ್ರ ರಿಪೇರಿ ಕಷ್ಟ. ವೈದ್ಯರು ಬರುವ ದಿನ ಹಸುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಮನೆಯಲ್ಲಿ ಇಬ್ಬರು ಇರಲಿ.